ಊರಿನ ನೆಂಟರಿಗೆ ಮುಂಬಯಿ ತೋರಿಸುವ ಮುನ್ನ

ಡೊಂಬಿವಲಿಯಲ್ಲೋ ಥಾಣೆಯಲ್ಲೋ ಒಂದು ಮದುವೆ, ಉಪನಯನ ಅಥವಾ ಗೃಹಪ್ರವೇಶ ಮುಗಿಯಿತೆಂದರೆ ಮರುದಿನ ಬೆಳಗ್ಗೆ ಮನೆಯ ಯಜಮಾನರ ಮುಂದೆ ಇನ್ನೊಂದು ಕಾರ್ಯಕ್ರಮ ಕಾದಿರುತ್ತದೆ. ಉಡುಪಿಯಿಂದ, ಗದಗದಿಂದ, ವಿಜಯಪುರದಿಂದ ಬಂದ ಹದಿನೈದಿಪ್ಪತ್ತು ಜನ ಚಹಾ ಕುಡಿಯುತ್ತಾ ಕೇಳುತ್ತಾರೆ: “ಇಷ್ಟು ದೂರ ಬಂದಿದ್ದೇವೆ, ಮುಂಬಯಿ ತೋರಿಸುವುದಿಲ್ವಾ?” ಅವರ ಪಟ್ಟಿ ಹೆಚ್ಚುಕಮ್ಮಿ ಒಂದೇ. ಗೇಟ್‌ವೇ, ತಾಜ್ ಹೋಟೆಲು, ಮಹಾಲಕ್ಷ್ಮಿ, ಹಾಜಿ ಅಲಿ, ಸಿದ್ಧಿವಿನಾಯಕ, ಜುಹೂ, ಆಮೇಲೆ ಸಿನಿಮಾ ನಟರ ಮನೆಗಳು. ಯಜಮಾನರು ಒಂದು ಮಿನಿ ಬಸ್ಸು ಗೊತ್ತು ಮಾಡುತ್ತಾರೆ. ಎಂಟಕ್ಕೆ ಹೊರಡಬೇಕಾದದ್ದು ಒಂಬತ್ತೂವರೆಗೆ ಹೊರಡುತ್ತದೆ, ಶೀಳ್‌ಫಾಟಾದಲ್ಲಿ ಒಮ್ಮೆ ನಿಲ್ಲುತ್ತದೆ, ಸಯನ್‌ನಲ್ಲಿ ಇನ್ನೊಮ್ಮೆ ನಿಲ್ಲುತ್ತದೆ. ಜುಹೂ ತಲಪುವಾಗ ಕತ್ತಲಾಗಿರುತ್ತದೆ. ಅಜ್ಜಿಯ ಕಾಲು ಬಾತಿರುತ್ತದೆ, ಮಗು ವಾಂತಿ ಮಾಡಿರುತ್ತದೆ, ಎಲ್ಲರೂ ಅತಿ ಹೆಚ್ಚು ಹೊತ್ತು ನೋಡಿದ್ದು ಮುಂದಿನ ಲಾರಿಯ ಹಿಂಭಾಗವನ್ನು.

ಇದನ್ನು ತಪ್ಪಿಸಬಹುದು. ನನ್ನ ಸಲಹೆ ಇಷ್ಟೇ: ಎರಡು ದಿನ ಇಟ್ಟುಕೊಳ್ಳಿ. ಒಂದು ದಿನ ದಕ್ಷಿಣ ಮುಂಬಯಿಯ ಒಂದೇ ಒಂದು ಭಾಗ ನೋಡಿ. ಇನ್ನೊಂದು ದಿನ ನಾವು ವಾಸಿಸುವ ಈ ಥಾಣೆ, ಕಲ್ಯಾಣ್, ನವಿಮುಂಬಯಿಯನ್ನೇ ತೋರಿಸಿ. “ಇಲ್ಲೇನಿದೆ ತೋರಿಸಲಿಕ್ಕೆ?” ಎಂದು ನಮ್ಮವರೇ ಕೇಳುತ್ತಾರೆ. ಸಾವಿರ ವರ್ಷದ ಹತ್ತಿರ ಹತ್ತಿರದ ದೇವಸ್ಥಾನವಿದೆ, ಚಳಿಗಾಲಕ್ಕೆ ಬರುವ ಫ್ಲೆಮಿಂಗೊಗಳಿವೆ, ಊರ ನಡುವೆ ಕೆರೆಗಳಿವೆ. ಗುಂಪನ್ನು ಕರೆದೊಯ್ಯಲು ಈ ಕಡೆ ಮುಂಬಯಿಗಿಂತ ಎಷ್ಟೋ ಸುಲಭ.

ಏಕೆ ಸುಲಭ ಎಂದು ತಿಳಿಯಲು ಈ ಊರುಗಳು ಬೆಳೆದ ಬಗೆಯನ್ನು ನೋಡಬೇಕು. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಹೊರಟ ದೇಶದ ಮೊದಲ ಪ್ರಯಾಣಿಕ ರೈಲು ಬಂದು ನಿಂತದ್ದು ಥಾಣೆಯಲ್ಲಿ. ಮರುವರ್ಷ ಹಳಿ ಕಲ್ಯಾಣಿಗೆ ಬಂತು. ಅಲ್ಲಿಂದೀಚೆಗೆ ಜನವಸತಿ ಬೆಳೆದದ್ದು ಹಳಿಯ ಗುಂಟ. ಹಳಿಯ ಉದ್ದಕ್ಕೆ ಓಡಾಡುವುದು ಸಲೀಸು, ಒಂದು ಹಳಿಯಿಂದ ಇನ್ನೊಂದಕ್ಕೆ ಅಡ್ಡ ಹಾಯುವುದು ಕಷ್ಟ. ಡೊಂಬಿವಲಿಯಿಂದ ಸಿಎಸ್‌ಎಂಟಿಗೆ 48 ಕಿಲೋಮೀಟರು, ಫಾಸ್ಟ್ ಲೋಕಲ್‌ನಲ್ಲಿ ಸುಮಾರು ಒಂದೂಕಾಲು ಗಂಟೆ. ಅದೇ ಹೊತ್ತಿನಲ್ಲಿ ಗೇಟ್‌ವೇಯಿಂದ ಜುಹೂವಿಗೆ ರಸ್ತೆಯಲ್ಲಿ ಹೋಗಿ ಮುಟ್ಟುತ್ತೀರೆಂಬ ಭರವಸೆ ಯಾರೂ ಕೊಡಲಾರರು. ಹಾಗಾಗಿ ಒಂದು ದಿನಕ್ಕೆ ಒಂದೇ ಹಳಿ. ಗೇಟ್‌ವೇ ನೋಡುವ ದಿನ ಜುಹೂ ಬೇಡ.

ಮೂರು ಗಡಿಯಾರಗಳು

ಮೊದಲನೆಯದು ಜನರ ಗಡಿಯಾರ. ಕೆಲಸದ ದಿನಗಳಲ್ಲಿ ಬೆಳಗ್ಗೆ ಏಳರಿಂದ ಹತ್ತೂವರೆವರೆಗೆ ಜನಪ್ರವಾಹ ಮುಂಬಯಿಯ ಕಡೆಗೆ, ಸಂಜೆ ಐದರಿಂದ ಒಂಬತ್ತರವರೆಗೆ ಅಲ್ಲಿಂದ ಈಚೆಗೆ. ಊರಿನಿಂದ ಬಂದವರನ್ನು ಬೆಳಗ್ಗೆ ಎಂಟೂವರೆಯ ಸಿಎಸ್‌ಎಂಟಿ ಫಾಸ್ಟ್‌ಗೆ ಹತ್ತಿಸುವುದು ಅಪಾಯ, ದಿನವೂ ಆ ಗಾಡಿಯನ್ನು ನಂಬಿ ನಿಂತವರಿಗೂ ತೊಂದರೆ. ಅದೇ ಎಂಟೂವರೆಗೆ ಕಲ್ಯಾಣಿನಿಂದ ಅಂಬರನಾಥದ ಕಡೆಗೋ ಟಿಟವಾಲಾದ ಕಡೆಗೋ ಹೋಗುವ ಲೋಕಲ್‌ನಲ್ಲಿ ಕುಳಿತು ಹೋಗುವಷ್ಟು ಜಾಗ ಸಿಗುತ್ತದೆ. ಪ್ರವಾಹಕ್ಕೆ ಎದುರು ಹೋಗುವುದು ನದಿಯಲ್ಲಿ ಕಷ್ಟ, ಇಲ್ಲಿ ಅದೇ ಸುಖ.

ಎರಡನೆಯದು ಸಮುದ್ರದ ಗಡಿಯಾರ. ಉಬ್ಬರ ಇಳಿತ ದಿನಕ್ಕೆ ಎರಡೆರಡು ಸಲ ಬರುತ್ತವೆ, ಪ್ರತಿದಿನ ಸುಮಾರು ಐವತ್ತು ನಿಮಿಷ ತಡವಾಗುತ್ತಾ ಹೋಗುತ್ತವೆ. ಕರಾವಳಿಯ ನೆಂಟರಿಗೆ ಇದನ್ನು ಹೇಳಿಕೊಡಬೇಕಿಲ್ಲ, ಬಯಲುಸೀಮೆಯವರಿಗೆ ಹೇಳಬೇಕು. ಹಾಜಿ ಅಲಿಗೆ ಹೋಗುವ ದಾರಿ ದೊಡ್ಡ ಉಬ್ಬರದಲ್ಲಿ ನೀರಿನಡಿ ಹೋಗುತ್ತದೆ, ಆಗ ಹೋದವರು ದಡದಲ್ಲೇ ನಿಂತು ಕೈಮುಗಿದು ಬರಬೇಕು. ಐರೋಲಿಯ ಫ್ಲೆಮಿಂಗೊ ದೋಣಿ ಹೊರಡುವ ಸಮಯವನ್ನೂ ಉಬ್ಬರವೇ ನಿರ್ಧರಿಸುತ್ತದೆ. ಆ ದಿನದ ಉಬ್ಬರದ ವೇಳೆ ಮೊಬೈಲಿನಲ್ಲಿ ಸಿಗುತ್ತದೆ. ಹೊರಡುವ ಹಿಂದಿನ ರಾತ್ರಿ ನೋಡಿಕೊಳ್ಳಿ.

ಮೂರನೆಯದು ವಾರದ ಗಡಿಯಾರ. ಸೋಮವಾರ ಎಲಿಫೆಂಟಾ ಗುಹೆಗಳೂ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನವೂ ಮುಚ್ಚಿರುತ್ತವೆ. ಬುಧವಾರ ಭಾಯಖಳದ ರಾಣಿಬಾಗ್ ಪ್ರಾಣಿಸಂಗ್ರಹಾಲಯಕ್ಕೆ ರಜೆ. ಮಂಗಳವಾರ ಸಿದ್ಧಿವಿನಾಯಕದಲ್ಲೂ ಟಿಟವಾಲಾದ ಮಹಾಗಣಪತಿಯಲ್ಲೂ ಸಾಲು ಬೀದಿಗೆ ಬರುತ್ತದೆ, ಅಂಗಾರಕ ಸಂಕಷ್ಟಿಯಿದ್ದರೆ ಕೇಳುವುದೇ ಬೇಡ. ಭಾನುವಾರ ಗಾಡಿಯಲ್ಲಿ ಜನ ಕಡಿಮೆ, ಆದರೆ ಮೆಗಾ ಬ್ಲಾಕ್ ಇರುತ್ತದೆ. ಹಳಿ ರಿಪೇರಿಗಾಗಿ ಸಾಮಾನ್ಯವಾಗಿ ಬೆಳಗ್ಗೆ ಹನ್ನೊಂದರ ಆಸುಪಾಸಿನಿಂದ ಸಂಜೆ ನಾಲ್ಕರವರೆಗೆ ಯಾವುದಾದರೂ ಭಾಗದಲ್ಲಿ ಗಾಡಿಗಳನ್ನು ಬೇರೆ ಹಳಿಗೆ ತಿರುಗಿಸುತ್ತಾರೆ ಇಲ್ಲವೇ ರದ್ದು ಮಾಡುತ್ತಾರೆ. ಯಾವ ಭಾಗದಲ್ಲಿ ಎಂಬುದು ಶನಿವಾರದ ಪತ್ರಿಕೆಯಲ್ಲೇ ಬಂದಿರುತ್ತದೆ.

ಈ ಮೂರನ್ನೂ ಎದುರಿಗಿಟ್ಟುಕೊಂಡು ನೋಡಿದರೆ ಮುಂಬಯಿಗೆ ಹೋಗಲು ಒಳ್ಳೆಯ ದಿನ ಬ್ಯಾಂಕುಗಳಿಗೆ ರಜೆಯಿರುವ ಎರಡನೆಯ ಅಥವಾ ನಾಲ್ಕನೆಯ ಶನಿವಾರ. ಅದು ಆಗದಿದ್ದರೆ ಭಾನುವಾರ, ಬೆಳಗ್ಗೆ ಎಂಟರೊಳಗೆ ಹೊರಟು ಸಂಜೆ ಐದರ ನಂತರ ಮರಳುವಂತೆ.

ಹೊರಡುವ ಮೊದಲು ಮಾಡಬೇಕಾದದ್ದು

1. ಗುಂಪನ್ನು ಒಡೆಯಿರಿ. ಇಪ್ಪತ್ತು ಜನ ಒಂದೇ ಬಾಗಿಲಿನಿಂದ ಲೋಕಲ್ ಹತ್ತಲಾರರು. ಸ್ಟೇಷನ್ನಿನಲ್ಲಿ ಗಾಡಿ ನಿಲ್ಲುವುದು ಅರ್ಧ ನಿಮಿಷದಷ್ಟೇ. ಐದೈದು ಜನರ ತಂಡ ಮಾಡಿ, ಪ್ರತಿ ತಂಡಕ್ಕೂ ಇಲ್ಲಿಯ ಒಬ್ಬರನ್ನು ಮುಂದಾಳು ಮಾಡಿ. ಮುಂದಾಳು ಕೊನೆಗೆ ಹತ್ತಬೇಕು, ಇಳಿಯುವಾಗಲೂ ಕೊನೆಗೆ ಇಳಿಯಬೇಕು. ಯಾರಾದರೂ ಹಿಂದೆ ಉಳಿದರೆ ನಿಂತ ಜಾಗದಿಂದ ಕದಲಬಾರದು ಎಂಬ ಒಂದೇ ನಿಯಮವನ್ನು ಎಲ್ಲರಿಗೂ, ಮುಖ್ಯವಾಗಿ ಮಕ್ಕಳಿಗೆ, ಮನೆಯಲ್ಲೇ ಹೇಳಿಡಿ. ಎಲ್ಲರ ಕಿಸೆಯಲ್ಲೂ ಮನೆಯ ವಿಳಾಸ, ಎರಡು ಫೋನ್ ನಂಬರು ಬರೆದ ಚೀಟಿ ಇರಲಿ.

2. ಟಿಕೆಟ್ ಹಿಂದಿನ ದಿನವೇ ತೀರ್ಮಾನಿಸಿ. ಉಪನಗರ ರೈಲುಗಳಲ್ಲಿ ಒಂದು ದಿನ, ಮೂರು ದಿನ, ಐದು ದಿನಕ್ಕೆ ಟೂರಿಸ್ಟ್ ಟಿಕೆಟ್ ಸಿಗುತ್ತದೆ. ಸೆಂಟ್ರಲ್, ಹಾರ್ಬರ್, ವೆಸ್ಟರ್ನ್ ಮೂರರಲ್ಲೂ ಎಷ್ಟು ಸಲ ಬೇಕಾದರೂ ಓಡಾಡಬಹುದು. ಗುಂಪಿಗೆ ಇದರ ದೊಡ್ಡ ಲಾಭ ಹಣದ್ದಲ್ಲ, ಪ್ರತಿ ಸ್ಟೇಷನ್ನಿನಲ್ಲೂ ಇಪ್ಪತ್ತು ಟಿಕೆಟಿಗೆ ಸಾಲು ನಿಲ್ಲುವುದು ತಪ್ಪುತ್ತದೆ. ಸಾದಾ ಟಿಕೆಟಿನಲ್ಲಿ ಎಸಿ ಲೋಕಲ್ ಹತ್ತುವಂತಿಲ್ಲ. ಬಾಗಿಲು ಮುಚ್ಚಿಕೊಳ್ಳುವ ತಂಪು ಗಾಡಿ ಬಂತೆಂದು ನೆಂಟರು ಸಂತೋಷದಿಂದ ನುಗ್ಗುವ ಮೊದಲು ತಡೆಯಿರಿ.

3. ಹೊರಡುವ ಗಾಡಿಯನ್ನು ಆರಿಸಿ. ಡೊಂಬಿವಲಿ, ಕಲ್ಯಾಣ್, ಥಾಣೆಯಿಂದಲೇ ಹೊರಡುವ ಲೋಕಲ್‌ಗಳಿವೆ. ದೂರದಿಂದ ತುಂಬಿಕೊಂಡು ಬರುವ ಗಾಡಿಗಿಂತ ಹತ್ತು ನಿಮಿಷ ತಡವಾದರೂ ಇವೇ ವಾಸಿ. ಇಂಡಿಕೇಟರಿನಲ್ಲಿ ಊರಿನ ಗುರುತಿನ ಪಕ್ಕ ಎಫ್ ಎಂದಿದ್ದರೆ ಫಾಸ್ಟ್, ಎಸ್ ಎಂದಿದ್ದರೆ ಸ್ಲೋ. ಇದನ್ನು ನೆಂಟರ ಪೈಕಿ ಚುರುಕಾದ ಇಬ್ಬರು ಹುಡುಗರಿಗೆ ಕಲಿಸಿಬಿಡಿ, ಮಧ್ಯಾಹ್ನದೊಳಗೆ ಅವರೇ ನಿಮಗೆ ಗಾಡಿ ತೋರಿಸುತ್ತಾರೆ.

4. ಶೌಚಾಲಯದ ಲೆಕ್ಕ ಹಾಕಿ. ಲೋಕಲ್ ಗಾಡಿಯಲ್ಲಿ ಶೌಚಾಲಯ ಇರುವುದಿಲ್ಲ. ಊರಿನ ರೈಲಿನ ರೂಢಿಯವರಿಗೆ ಇದು ಗೊತ್ತಿರುವುದಿಲ್ಲ. ಸಕ್ಕರೆ ಕಾಯಿಲೆಯಿರುವ ಹಿರಿಯರು ಸಂಕೋಚದಿಂದ ಬಾಯಿ ಬಿಡದೆ ಒದ್ದಾಡುತ್ತಾರೆ. ಹೊರಡುವಾಗ, ಸಿಎಸ್‌ಎಂಟಿಯಲ್ಲಿ ಇಳಿದಾಗ, ದೋಣಿ ಹತ್ತುವ ಮೊದಲು, ಹೀಗೆ ಮೂರು ಕಡೆ ನೀವಾಗಿಯೇ ನಿಲ್ಲಿಸಿ.

ಮುಂಬಯಿಯ ದಿನ: ಎಲಿಫೆಂಟಾ ಮತ್ತು ಸುತ್ತಮುತ್ತ

ಒಂದೇ ಜಾಗ ತೋರಿಸಿ ಎಂದರೆ ನಾನು ಘಾರಾಪುರಿಯನ್ನು, ಎಂದರೆ ಎಲಿಫೆಂಟಾವನ್ನು ಹೇಳುತ್ತೇನೆ. ಸಮುದ್ರ, ದೋಣಿ, ದೇವರು, ಶಿಲ್ಪ ನಾಲ್ಕೂ ಒಟ್ಟಿಗೆ ಸಿಗುತ್ತವೆ, ಗೇಟ್‌ವೇಯೂ ತಾಜೂ ತಾನಾಗಿ ದಾರಿಯಲ್ಲೇ ಬರುತ್ತವೆ. ಸಿಎಸ್‌ಎಂಟಿಯಲ್ಲಿ ಇಳಿದು ಟ್ಯಾಕ್ಸಿಯಲ್ಲೋ ಬಸ್ಸಿನಲ್ಲೋ ಗೇಟ್‌ವೇ. ಆ ಭಾಗದಲ್ಲಿ ಆಟೋರಿಕ್ಷಾ ಓಡುವುದಿಲ್ಲ, ಟ್ಯಾಕ್ಸಿಗೆ ನಾಲ್ಕೇ ಜನ. ಒಂಬತ್ತರಿಂದ ದೋಣಿಗಳು ಶುರುವಾಗುತ್ತವೆ, ಹೋಗಲು ಸುಮಾರು ಒಂದು ಗಂಟೆ. ಮೊದಲ ದೋಣಿಗಳಲ್ಲೇ ಹೋಗುವುದು ಒಳ್ಳೆಯದು. ಬಿಸಿಲೇರುವ ಮೊದಲು ಮೆಟ್ಟಿಲು ಹತ್ತಬಹುದು, ಉತ್ತರಕ್ಕೆ ಮುಖಮಾಡಿದ ಗುಹೆಯೊಳಗೆ ಜನ ತುಂಬಿರುವುದಿಲ್ಲ.

ದಕ್ಕೆಯಿಂದ ಬೆಟ್ಟದ ಬುಡದವರೆಗೆ ಪುಟಾಣಿ ರೈಲಿದೆ, ಮಕ್ಕಳಿಗೆ ಅದೇ ದೊಡ್ಡ ಆಕರ್ಷಣೆ. ಆಮೇಲೆ ಸುಮಾರು 120 ಮೆಟ್ಟಿಲು. ಎರಡೂ ಬದಿ ಅಂಗಡಿಗಳ ಮೇಲೆ ನೀಲಿ ಟಾರ್ಪಾಲು ಹೊದಿಸಿರುವುದರಿಂದ ನೆರಳಿರುತ್ತದೆ. ಮಂಡಿ ನೋವಿನವರಿಗೆ ಡೋಲಿ ಸಿಗುತ್ತದೆ, ದರವನ್ನು ಹೋಗಿಬರಲು ಸೇರಿಸಿ ಮೊದಲೇ ಮಾತಾಡಿಕೊಳ್ಳಿ. ಕೈಯಲ್ಲಿ ಚಿಪ್ಸ್ ಪೊಟ್ಟಣವೋ ಜೋಳವೋ ಕಂಡರೆ ಮಂಗಗಳು ಬಿಡುವುದಿಲ್ಲ. ತಿಂಡಿಯೆಲ್ಲ ಜಿಪ್ ಇರುವ ಚೀಲದೊಳಗೆ ಹೋಗಲಿ.

ದೊಡ್ಡ ಗುಹೆಯೊಳಗೆ ಹೋದವರು ನೇರವಾಗಿ ತ್ರಿಮೂರ್ತಿ ಎಂದು ಕರೆಯುವ ಸದಾಶಿವನ ಮುಂದೆ ನಿಂತು ಫೋಟೋ ತೆಗೆದು ಹೊರಬರುತ್ತಾರೆ. ಹಾಗೆ ಮಾಡಬೇಡಿ. ಸುಮಾರು ಆರು ಮೀಟರಿನ ಆ ಸದಾಶಿವನ ಮುಂದೆ ಎಲ್ಲರನ್ನೂ ಐದು ನಿಮಿಷ ಕೂರಿಸಿ, ಕಣ್ಣು ಕತ್ತಲೆಗೆ ಹೊಂದಲಿ. ನಡುವಿನ ಮುಖ ಧ್ಯಾನದಲ್ಲಿದೆ. ನಮ್ಮ ಎಡಕ್ಕಿರುವ ಮುಖ ಹುಬ್ಬು ಗಂಟಿಕ್ಕಿದೆ, ಅದು ಅಘೋರ. ಬಲಕ್ಕಿರುವುದರ ಕೈಯಲ್ಲಿ ಕಮಲವಿದೆ, ತುಟಿ ಮೃದುವಾಗಿದೆ, ಅದು ವಾಮದೇವ. ಇದರ ಒಂದು ಮಗ್ಗುಲಲ್ಲಿ ಅರ್ಧನಾರೀಶ್ವರ, ಇನ್ನೊಂದು ಮಗ್ಗುಲಲ್ಲಿ ಗಂಗಾಧರ. ಬಾದಾಮಿ ಕಡೆಯ ನೆಂಟರಿದ್ದರೆ ಅವರಿಗೆ ಹೇಳಲು ಇನ್ನೊಂದು ಮಾತಿದೆ. ಇಮ್ಮಡಿ ಪುಲಕೇಶಿ ಕೊಂಕಣದ ಮೌರ್ಯರ ಪುರಿ ಎಂಬ ಪಟ್ಟಣವನ್ನು ಹಡಗುಗಳಿಂದ ಮುತ್ತಿದ ವಿಷಯ ಐಹೊಳೆಯ ಶಾಸನದಲ್ಲಿದೆ. ಆ ಪುರಿ ಇದೇ ಘಾರಾಪುರಿ ಎಂದು ಕೆಲವು ಇತಿಹಾಸಕಾರರು ಗುರುತಿಸುತ್ತಾರೆ. ಮನೆಯ ಹತ್ತಿರದ ಹೆಸರೊಂದು ಕಿವಿಗೆ ಬಿದ್ದ ಮೇಲೆ ಜನ ಕಲ್ಲನ್ನು ನೋಡುವ ರೀತಿಯೇ ಬೇರೆ.

ಮಧ್ಯಾಹ್ನ ಎರಡರೊಳಗೆ ಗೇಟ್‌ವೇಗೆ ಮರಳಿದರೆ ಇನ್ನೊಂದೆರಡು ತಾಸು ಕೈಯಲ್ಲಿರುತ್ತದೆ. ನಡೆಯುವವರು ಕಾಲಾಘೋಡಾದ ಕಡೆ ಹೋಗಿ ಜಹಾಂಗೀರ್ ಆರ್ಟ್ ಗ್ಯಾಲರಿಗೆ ಇಣುಕಲಿ. ಉಡುಪಿ ಬಳಿಯ ಕಟ್ಟಿಂಗೇರಿಯಿಂದ ಬಂದ ಕೆ.ಕೆ. ಹೆಬ್ಬಾರರು ದೊಡ್ಡ ಕಲಾವಿದರಾದದ್ದು ಈ ಮುಂಬಯಿಯಲ್ಲೇ. ಸಿದ್ಧಿವಿನಾಯಕಕ್ಕೆ ಹೋಗಲೇಬೇಕೆಂದು ಹಿರಿಯರು ಹಟ ಹಿಡಿದರೆ ಈಗ ನೆಲದಡಿಯ ಮೂರನೆಯ ಮೆಟ್ರೊ ಇದೆ, ಹುತಾತ್ಮ ಚೌಕದಲ್ಲಿ ಹತ್ತಿ ಸಿದ್ಧಿವಿನಾಯಕ ಸ್ಟೇಷನ್ನಿನಲ್ಲೇ ಇಳಿಯಬಹುದು. ಲಿಫ್ಟು, ಶೌಚಾಲಯ ಎಲ್ಲ ಇರುವುದರಿಂದ ವಯಸ್ಸಾದವರಿಗೆ ಬಹಳ ಅನುಕೂಲ.

ಊಟ ಮಾಟುಂಗದಲ್ಲಾದರೆ ಚೆನ್ನ. ಸೆಂಟ್ರಲ್ ಮಾಟುಂಗ ಸ್ಟೇಷನ್ನಿನ ಎದುರಿನ ಮಾರ್ಕೆಟ್ ಕಟ್ಟಡದ ಮಹಡಿಯಲ್ಲಿ 1942ರಿಂದ ನಡೆದುಬಂದ ರಾಮಾ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇದೆ, ಬಾಳೆಲೆ ಊಟ. ದೊಡ್ಡ ಗುಂಪಾದರೆ ಹಸಿವು ಹೆಚ್ಚುವ ಮೊದಲೇ ಹೋಗಿ ಹೆಸರು ಬರೆಸಿ. ಮಾಟುಂಗದಲ್ಲಿ ಫಾಸ್ಟ್ ನಿಲ್ಲುವುದಿಲ್ಲ, ಸ್ಲೋ ಹಿಡಿಯಬೇಕು ಅಥವಾ ದಾದರಿನಲ್ಲಿ ಬದಲಿಸಬೇಕು. ಎಲಿಫೆಂಟಾ ಹೋದ ದಿನ ಇದು ಹೊಂದುವುದಿಲ್ಲ. ರಾಣಿಬಾಗ್‌ನ ಪೆಂಗ್ವಿನ್ ನೋಡಲು ಭಾಯಖಳಕ್ಕೆ ಮಕ್ಕಳನ್ನು ಕರೆದೊಯ್ಯುವ ದಿನಕ್ಕೆ ಸರಿಯಾಗುತ್ತದೆ.

ನವಿಮುಂಬಯಿಯವರು ಸ್ವಂತ ವಾಹನ ಅಥವಾ ಟೆಂಪೋ ಟ್ರಾವೆಲರ್ ಮಾಡಿದ್ದರೆ ಅಟಲ್ ಸೇತುವಿನ ಮೇಲೆ ಹೋಗಿ. 2024ರ ಜನವರಿಯಲ್ಲಿ ತೆರೆದ, 21.8 ಕಿಲೋಮೀಟರಿನ ಈ ಸೇತುವೆಯ ಪ್ರಯಾಣವೇ ಒಂದು ನೋಟ. ಗಾಡಿ ನಿಲ್ಲಿಸಿ ಸೆಲ್ಫಿ ತೆಗೆಯುವಂತಿಲ್ಲ, ದಂಡ ಬೀಳುತ್ತದೆ.

ನಮ್ಮ ಕಡೆಯ ದಿನ

ಕಲ್ಯಾಣ್, ಡೊಂಬಿವಲಿಯವರು ಬೆಳಗ್ಗೆ ಅಂಬರನಾಥಕ್ಕೆ ಹೋಗಿ. ಸ್ಟೇಷನ್ನಿನ ಪೂರ್ವಕ್ಕೆ ಇಳಿದು ಆಟೋ ಹಿಡಿದರೆ ವಾಲಧುನಿ ನದಿಯ ದಡದಲ್ಲಿ ಶಿಲಾಹಾರರ ಕಾಲದ ಶಿವಾಲಯ. ಅಲ್ಲಿಯ ಶಾಸನದ ಕಾಲ 1060. ಈ ಶಿಲಾಹಾರರು ಮೊದಲು ನಮ್ಮ ರಾಷ್ಟ್ರಕೂಟರ ಸಾಮಂತರು, ಅವರ ಶಾಸನಗಳ ಶ್ರೀಸ್ಥಾನಕವೇ ಇಂದಿನ ಥಾಣೆ. ಹೊರಗೋಡೆಯಲ್ಲಿ ಬೆರಳಿಡಲು ಜಾಗವಿಲ್ಲದಷ್ಟು ಶಿಲ್ಪವಿದೆ, ಶಿಖರ ಅರ್ಧಕ್ಕೇ ನಿಂತಂತಿದೆ. ಗರ್ಭಗುಡಿಗೆ ಮಂಟಪದಿಂದ ಇಪ್ಪತ್ತರಷ್ಟು ಮೆಟ್ಟಿಲು ಕೆಳಗಿಳಿಯಬೇಕು. ಹೊರಗಿನ ಬಿಸಿಲಿನಿಂದ ಬಂದವರಿಗೆ ಆ ಮೆಟ್ಟಿಲು ತಕ್ಷಣ ಕಾಣುವುದಿಲ್ಲ, ಕಲ್ಲು ನುಣುಪಾಗಿ ಜಾರುತ್ತದೆ. ಹಿರಿಯರ ಕೈ ಹಿಡಿದು ಇಳಿಸಿ. ಶಿವರಾತ್ರಿಯ ಜಾತ್ರೆಯ ದಿನಗಳಲ್ಲಿ ಮಾತ್ರ ಗುಂಪು ಕಟ್ಟಿಕೊಂಡು ಹೋಗಬೇಡಿ. ಮರಳುವಾಗ ಕಲ್ಯಾಣಿನಲ್ಲಿ ಖಾಡಿಯ ದಂಡೆಯ ದುರ್ಗಾಡಿ ಕೋಟೆ ಇದೆ, ಶಿವಾಜಿ ಮಹಾರಾಜರ ನೌಕಾಪಡೆಯ ಕಥೆ ಕೇಳುವ ಮಕ್ಕಳಿಗೆ ಅದನ್ನು ತೋರಿಸಬೇಕು.

ನವೆಂಬರಿನಿಂದ ಮೇವರೆಗೆ ಬಂದವರಿಗೆ ಥಾಣೆ ಖಾಡಿಯ ಫ್ಲೆಮಿಂಗೊ ತೋರಿಸದೆ ಕಳಿಸಬೇಡಿ. ಇದು 2015ರಲ್ಲಿ ಅಭಯಾರಣ್ಯವಾಯಿತು, 2022ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿತು. ಈ ಹಕ್ಕಿ ಇಳಿತದಲ್ಲಿ ತೆರೆದುಕೊಳ್ಳುವ ಕೆಸರಿನಲ್ಲಿ ಕೊಕ್ಕು ತಲೆಕೆಳಗು ಮಾಡಿ ಪಾಚಿ ಸೋಸಿ ತಿನ್ನುತ್ತದೆ. ಉಬ್ಬರದಲ್ಲಿ ಕೆಸರು ಮುಳುಗಿದಾಗ ಗುಂಪು ಗುಂಪಾಗಿ ನೆರುಳ್, ಸೀವುಡ್ಸ್ ಕಡೆಯ ಜೌಗು ಕೆರೆಗಳಿಗೆ ಹಾರಿ ವಿಶ್ರಮಿಸುತ್ತದೆ. ಈ ಒಂದು ವಿಷಯ ತಿಳಿದಿದ್ದರೆ ಸಾಕು. ದೋಣಿಯಲ್ಲಿ ಹೋಗುವವರು ಐರೋಲಿಯ ಕರಾವಳಿ ಮತ್ತು ಸಾಗರ ಜೀವವೈವಿಧ್ಯ ಕೇಂದ್ರದಲ್ಲಿ ಮುಂಗಡ ಕಾಯ್ದಿರಿಸಬೇಕು, ನೀರು ಕಡಿಮೆಯಿದ್ದರೆ ದೋಣಿ ಕೆಸರಿಗೆ ಸಿಕ್ಕಿಕೊಳ್ಳುವುದರಿಂದ ಅವರು ಹೇಳಿದ ವೇಳೆಗೇ ಹೋಗಬೇಕು. ದೋಣಿ ಸಿಗದವರು ಉಬ್ಬರದ ಹೊತ್ತಿಗೆ ಸೀವುಡ್ಸ್‌ನ ಡಿಪಿಎಸ್ ಕೆರೆಯ ಬಳಿಯಿಂದ ನೋಡಬಹುದು. ಬೆಳಗ್ಗೆ ಅಥವಾ ಸಂಜೆ ಸೂರ್ಯ ನಿಮ್ಮ ಬೆನ್ನ ಹಿಂದಿದ್ದರೆ ಗುಲಾಬಿ ಬಣ್ಣ ಕಾಣುತ್ತದೆ, ಎದುರಿಗಿದ್ದರೆ ಬರೀ ಕಪ್ಪು ನೆರಳು. ಚಪ್ಪಾಳೆ ತಟ್ಟಿ ಹಾರಿಸುವುದು, ಡ್ರೋನ್ ಬಿಡುವುದು ಬೇಡ. ಸಾವಿರಾರು ಜೀವಗಳು ದಣಿವಾರಿಸಿಕೊಳ್ಳುವ ಜಾಗವದು.

ನವಿಮುಂಬಯಿಯಲ್ಲಿ ಮಕ್ಕಳಿಗೆ ನೆರುಳಿನ ವಂಡರ್ ಪಾರ್ಕ್, ಭಕ್ತರಿಗೆ 2025ರ ಜನವರಿಯಲ್ಲಿ ತೆರೆದ ಖಾರಘರಿನ ಇಸ್ಕಾನ್ ಮಂದಿರ. ಥಾಣೆಯವರಿಗೆ ಸಂಜೆ ತಲಾವ್‌ಪಾಳಿ: ಮಾಸುಂದಾ ಕೆರೆಯ ಸುತ್ತ ಒಂದು ಸುತ್ತು, ದೋಣಿ, ಪಕ್ಕದಲ್ಲೇ ಕೌಪೀನೇಶ್ವರನ ದರ್ಶನ. ಕಾಲ್ನಡಿಗೆಗೆ ಗಟ್ಟಿಯಿರುವ ತಂಡವಾದರೆ ಘೋಡಬಂದರ್ ರಸ್ತೆಯ ಮೂಲಕ ಬೊರಿವಲಿಗೆ ಹೋಗಿ ರಾಷ್ಟ್ರೀಯ ಉದ್ಯಾನದೊಳಗಿನ ಕಾನ್ಹೇರಿ ಗುಹೆಗಳನ್ನು ನೋಡಿ. ಅಲ್ಲಿಯ ಒಂಬತ್ತನೇ ಶತಮಾನದ ಶಾಸನಗಳಲ್ಲಿ ನಮ್ಮ ಅಮೋಘವರ್ಷನ ಹೆಸರಿದೆ. ಅದು ಅರ್ಧ ದಿನದ ಕೆಲಸ, ಬೇರೆ ಯಾವುದರ ಜೊತೆಗೂ ಸೇರಿಸಬೇಡಿ.

ಎಚ್ಚರಿಕೆ

ದೋಣಿಯಲ್ಲಿ ಲೈಫ್ ಜಾಕೆಟ್ ತೊಡದೆ ಕೂರಬೇಡಿ. 2024ರ ಡಿಸೆಂಬರ್ 18ರಂದು ಎಲಿಫೆಂಟಾಕ್ಕೆ ಹೊರಟಿದ್ದ ಪ್ರಯಾಣಿಕರ ದೋಣಿಗೆ ನೌಕಾಪಡೆಯ ವೇಗದ ದೋಣಿ ಬಡಿದು ಹತ್ತಕ್ಕೂ ಹೆಚ್ಚು ಜನ ಜೀವ ಕಳೆದುಕೊಂಡರು. “ಸೆಖೆ ಆಗ್ತದೆ ಮಾರಾಯ” ಎಂದು ಯಾರು ಎಷ್ಟು ಹೇಳಿದರೂ ಕೇಳಬೇಡಿ. ಮಕ್ಕಳ ಅಳತೆಯದನ್ನು ಕೇಳಿ ಪಡೆಯಿರಿ, ದೋಣಿ ತುಂಬಿ ತುಳುಕುತ್ತಿದ್ದರೆ ಮುಂದಿನದಕ್ಕೆ ಕಾಯಿರಿ.

ಮಳೆಗಾಲ ಬೇರೆಯೇ ಲೆಕ್ಕ. ಎಲಿಫೆಂಟಾದ ದೋಣಿಗಳು ಹವಾಮಾನ ನೋಡಿ ಓಡುತ್ತವೆ, ಮಾಂಡ್ವಾ ಕಡೆಯ ಸಾದಾ ದೋಣಿಗಳು ನಿಲ್ಲುತ್ತವೆ. ಖಾರಘರಿನ ಪಾಂಡವಕಡಾ ಜಲಪಾತ ರಸ್ತೆಯಿಂದಲೇ ಕಂಡು ಆಸೆ ಹುಟ್ಟಿಸುತ್ತದೆ. ಅಲ್ಲಿ ನೀರಿನ ಸೆಳೆತಕ್ಕೆ ಸಿಕ್ಕು ಎಳೆಯರು ಸತ್ತಿದ್ದಾರೆ, ಮಳೆಗಾಲದಲ್ಲಿ ಪ್ರವೇಶ ನಿಷೇಧವಿದೆ. ದೂರದಿಂದಲೇ ತೋರಿಸಿ. ಮರೀನ್ ಡ್ರೈವಿನ ಕಟ್ಟೆಯ ಆಚೆ ಕಲ್ಲುಗಳ ಮೇಲೆ ಇಳಿಯುವುದೂ ಅಷ್ಟೇ ಅಪಾಯ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಎಲ್ಲರಿಗೂ ಎಲ್ಲವನ್ನೂ ತೋರಿಸಲು ಹೊರಡುವುದು ದೊಡ್ಡ ತಪ್ಪು. ಎಪ್ಪತ್ತು ದಾಟಿದ ಅತ್ತೆಗೂ ಕಾಲೇಜು ಓದುವ ಅಳಿಯನಿಗೂ ಒಂದೇ ಕಾರ್ಯಕ್ರಮ ಹೊಂದುವುದಿಲ್ಲ. ಹಿರಿಯರು ತಲಾವ್‌ಪಾಳಿ ಮತ್ತು ದೇವಸ್ಥಾನಕ್ಕೆ, ಯುವಕರು ಎಲಿಫೆಂಟಾಕ್ಕೆ ಹೋದರೆ ಯಾರೂ ಮುನಿಸಿಕೊಳ್ಳುವುದಿಲ್ಲ.

ಮದುವೆಯ ಸೀರೆ, ಒಡವೆಯಲ್ಲೇ ಲೋಕಲ್ ಹತ್ತುವುದು ಎರಡನೆಯದು. ಕರಿಮಣಿ ಬಿಟ್ಟು ಉಳಿದದ್ದು ಮನೆಯಲ್ಲಿರಲಿ, ಹೊಸ ಚಪ್ಪಲಿಯೂ ಬೇಡ. ಗಂಡಸರ ಫೋನು ಅಂಗಿಯ ಮೇಲುಕಿಸೆಯಲ್ಲಿದ್ದರೆ ಬಾಗಿಲ ಬಳಿ ನಿಲ್ಲುವಾಗ ಹೋದಂತೆಯೇ. ಮಹಿಳೆಯರ ಡಬ್ಬಿಗೆ ಹೆಂಗಸರನ್ನು ಕಳಿಸುವುದಾದರೆ ಜೊತೆಗೆ ಇಲ್ಲಿಯ ಹೆಣ್ಣುಮಗಳೊಬ್ಬಳು ಇರಲೇಬೇಕು, ಇಲ್ಲವಾದರೆ ಎಲ್ಲಿ ಇಳಿಯಬೇಕೆಂದು ಅವರಿಗೆ ಹೇಳುವವರಿರುವುದಿಲ್ಲ.

ಮೂರನೆಯದು ಊರಿಗೆ ಹೊರಡುವ ದಿನ ತಿರುಗಾಟ ಇಟ್ಟುಕೊಳ್ಳುವುದು. ಮಂಗಳೂರಿನ ಮತ್ಸ್ಯಗಂಧಕ್ಕೆ ಕುರ್ಲಾದವರೆಗೆ ಹೋಗಬೇಕಿಲ್ಲ, ಅದು ಥಾಣೆಯಲ್ಲೂ ಪನ್ವೇಲಿನಲ್ಲೂ ನಿಲ್ಲುತ್ತದೆ. ಬೆಂಗಳೂರಿನ ಉದ್ಯಾನ್ ಎಕ್ಸ್‌ಪ್ರೆಸ್ ಕಲ್ಯಾಣಿನಲ್ಲಿ ಸಿಗುತ್ತದೆ. ಟಿಕೆಟ್ ಮಾಡಿಸುವಾಗಲೇ ಹತ್ತುವ ಸ್ಟೇಷನ್ನನ್ನು ನಿಮ್ಮ ಮನೆಗೆ ಹತ್ತಿರದ್ದಾಗಿ ಹಾಕಿಸಿ. ಎರಡು ನಿಮಿಷ, ಮೂರು ನಿಮಿಷ ನಿಲ್ಲುವ ಗಾಡಿಗೆ ಇಪ್ಪತ್ತು ಜನ, ನಲವತ್ತು ಗಂಟುಮೂಟೆ ಹತ್ತಬೇಕು. ಡಬ್ಬಿ ಎಲ್ಲಿ ಬಂದು ನಿಲ್ಲುತ್ತದೆಂದು ಮೊದಲೇ ನೋಡಿಕೊಂಡು, ಸಾಮಾನನ್ನು ಆ ಗುರುತಿನ ಕೆಳಗೆ ಜೋಡಿಸಿ, ಅರ್ಧ ಗಂಟೆ ಮೊದಲೇ ಎಲ್ಲರನ್ನೂ ಅಲ್ಲಿ ಕೂರಿಸಿ.